ಮುಚ್ಚಳ ನೋಡಿ ಹುಳು ಗುರುತಿಸಿ

ಫ್ರಾನ್ಸಿನ ನಾರ್ಮಂಡಿಯಲ್ಲಿ ಕಾನ್ ಅಂತ ಒಂದು ಊರು. ಸಿನಿಮೋತ್ಸವ ನಡೆಯೋ ಕಾನ್ ಅಲ್ಲ, ಇದು ಬೇರೆ! 1920ರ ದಶಕದ ಶುರುವಿನಲ್ಲಿ ಅಲ್ಲಿನ ಕಾಲುವೆಯಲ್ಲಿ ಯಾರೂ ಕಂಡಿರದ ಹುಳು ಕಾಣಿಸಿಕೊಂಡಿತು. ಉದ್ದ ಎರಡು-ಮೂರು ಸೆಂಟಿಮೀಟರ್ ಅಷ್ಟೇ. ಸುಣ್ಣದ ಕೊಳವೆ ಕಟ್ಟಿಕೊಂಡು ಒಳಗೆ ಕೂರುತ್ತೆ. ಅಪಾಯ ಬಂದ್ರೆ ಒಳಗೆ ಸರಿದು, ತಲೆ ಕಡೆ ಇರೋ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತೆ. 1923ರಲ್ಲಿ ಪಿಯರ್ ಫೋವೆಲ್ ಇದಕ್ಕೆ 'ಮರ್ಸಿಯೆರೆಲ್ಲ ಎನಿಗ್ಮಾಟಿಕ' ಅಂತ ಹೆಸರಿಟ್ಟರು. ಎನಿಗ್ಮಾಟಿಕ ಅಂದ್ರೆ ಒಗಟಿನಂಥದ್ದು. ಹೆಸರಿಗೆ ತಕ್ಕ ಹಾಗೆ ಇದರ ತವರು ಯಾವುದು ಅನ್ನೋದು ಇವತ್ತಿಗೂ ಪೂರ್ತಿ ಬಿಡಿಸದ ಒಗಟು. ಆಸ್ಟ್ರೇಲಿಯಾ ಕಡೆಯಿಂದ ಹಡಗಿನ ಜೊತೆ ಬಂದಿರಬೇಕು ಅನ್ನೋದು ಬಹಳ ಜನರ ಊಹೆ.

ಮಜಾ ಏನಂದ್ರೆ, ಇದರ ನೆಂಟರು ನಮ್ಮ ದೇಶದಲ್ಲೂ ಇದ್ದಾರೆ. 1921ರಲ್ಲೇ ರೋಲೆಂಡ್ ಸದರ್ನ್ ಅನ್ನೋರು ಚಿಲ್ಕಾ ಸರೋವರ ಮತ್ತು ಭಾರತದ ಬೇರೆ ಕಡೆಯ ಉಪ್ಪು-ಸಿಹಿ ಬೆರೆತ ನೀರಿನ ಹುಳುಗಳ ಬಗ್ಗೆ ಬರೆಯುತ್ತಾ 'ಫೈಕೊಪೊಮೇಟಸ್' ಅನ್ನೋ ಕುಲಕ್ಕೆ ಹೆಸರಿಟ್ಟಿದ್ದರು. ಅಂಜೂರದಂಥ ಮುಚ್ಚಳದ್ದು ಅಂತ ಅರ್ಥ. ಆಮೇಲೆ 1934, 1945, 1960ರಲ್ಲಿ ಬೇರೆ ಬೇರೆಯವರು ಇನ್ನೂ ಮೂರು ಕುಲ ಸೇರಿಸಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಕ್ಲಾಸನ್ನ ಐದು ಜನ ಐದು ಹೆಸರಲ್ಲಿ ಬರೆದಿಟ್ಟ ಹಾಗೆ! 1978ರಲ್ಲಿ ಟೆನ್ ಹೋವ್ ಮತ್ತು ವೀರ್ಡೆನ್‌ಬರ್ಗ್ ಕೂತು ಎಲ್ಲವನ್ನೂ ಹೋಲಿಸಿ ನೋಡಿ, ಹಳೆಯ ಹೆಸರಾದ ಫೈಕೊಪೊಮೇಟಸ್ ಒಂದನ್ನೇ ಉಳಿಸಿದರು.

ಸರಿ, ಇವುಗಳಲ್ಲಿ ಯಾವುದು ಯಾವುದು ಅಂತ ಗುರುತಿಸೋದು ಹೇಗೆ? ಬರೀ ಕೊಳವೆ ನೋಡಿದ್ರೆ ಸಾಲದು, ಮುಚ್ಚಳ ನೋಡಬೇಕು. ಎನಿಗ್ಮಾಟಿಕಸ್ ಮುಚ್ಚಳದ ಮೇಲೆ ಕಪ್ಪು ಮುಳ್ಳುಗಳಿರುತ್ತವೆ. ಶ್ರೀಲಂಕಾದಿಂದ 1960ರಲ್ಲಿ ಪಿಳ್ಳೈ ವಿವರಿಸಿದ 'ಉಶಕೋವಿ'ಗೆ ಮುಳ್ಳಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ತಪ್ಪಿಹೋಗಿ, ಪಶ್ಚಿಮ ಆಫ್ರಿಕಾದಲ್ಲಿ ಸಿಕ್ಕ ಉಶಕೋವಿ ಎನಿಗ್ಮಾಟಿಕ ಅಂತಲೇ ದಾಖಲಾಗಿತ್ತು.

ಹುಳುವಿನ ಹೆಸರು ತಪ್ಪಿದ್ರೆ ಏನು ಮಹಾ ಅಂತೀರಾ? ಎನಿಗ್ಮಾಟಿಕಸ್ ಹೆಚ್ಚಾಗಿ ತಂಪು ಸೀಮೆಯದು, ಉಶಕೋವಿ ಬಿಸಿ ಸೀಮೆಯದು. ಹೆಸರು ತಪ್ಪಿದ್ರೆ ಯಾವ ಬಂದರಿನಿಂದ ಬಂತು, ಮುಂದೆ ಎಲ್ಲಿಗೆ ಹೋದೀತು ಅನ್ನೋ ಲೆಕ್ಕವೆಲ್ಲ ತಪ್ಪುತ್ತೆ. ಅರ್ಜೆಂಟೀನಾದ ಮಾರ್ ಚಿಕೀತಾದಲ್ಲಿ ಎನಿಗ್ಮಾಟಿಕಸ್ ಮೀಟರುಗಟ್ಟಲೆ ಅಗಲದ ದಿಬ್ಬಗಳನ್ನೇ ಕಟ್ಟಿ ಹಿನ್ನೀರಿನ ಸ್ವರೂಪ ಬದಲಿಸಿಬಿಟ್ಟಿದೆ.

ಕಥೆ ಇಲ್ಲಿಗೂ ಮುಗಿದಿಲ್ಲ. 2017ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಆಸ್ಟ್ರೇಲಿಯಾದ 'ಎನಿಗ್ಮಾಟಿಕಸ್' ಒಂದೇ ಅಲ್ಲ, ಒಂದಕ್ಕಿಂತ ಹೆಚ್ಚು ಗುಂಪುಗಳಿವೆ. ಅಂದ್ರೆ ಈಗ ಮುಚ್ಚಳವೂ ಸಾಲದು!

ಅಳಿವೆ ಕಡೆ ಹೋದಾಗ ಕಂಬಕ್ಕೋ ಕಲ್ಲಿಗೋ ಅಂಟಿದ ಬಿಳಿ ಕೊಳವೆ ಕಂಡ್ರೆ ಸುಮ್ಮನೆ ಫೋಟೋ ಹಾಕಿ ಹೆಸರು ಬರೆದುಬಿಡಬೇಡಿ. ಮೊದಲು ಭೂತಗನ್ನಡಿ ಹಿಡಿದು ಮುಚ್ಚಳ ನೋಡಿ. ಏನಂತೀರಿ?