ಬೋವಾ ಹಾವು: ಗೂಡಿನ ಕಾವು ಮತ್ತು ಕಾಯಿಲೆ

ಬೋವಾ ಎಂದರೆ ಹೆಬ್ಬಾವಿನಂತೆಯೇ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ, ಆದರೆ ಅದರಂತೆ ಮೊಟ್ಟೆಯಿಡದೆ ಬಹುಮಟ್ಟಿಗೆ ಮರಿಯನ್ನೇ ಹಾಕುವ, ವಿಷವಿಲ್ಲದ ಹಾವುಗಳ ಗುಂಪು. ಹಲವು ದೇಶಗಳಲ್ಲಿ ಮನೆಯಲ್ಲಿ ಸಾಕುವ ಬೋವಾ ಕನ್‌ಸ್ಟ್ರಿಕ್ಟರ್ ದಕ್ಷಿಣ ಅಮೆರಿಕದ್ದು. 1758ರಲ್ಲಿ ಲಿನೇಯಸ್ ಅದಕ್ಕೆ ಈ ಹೆಸರಿಟ್ಟ. ನಮ್ಮಲ್ಲಿ ಇದರ ಹತ್ತಿರದ ನೆಂಟ ಮಣ್ಣುಮುಕ್ಕ ಹಾವು, ಜನರ ಬಾಯಲ್ಲಿ ಎರಡು ತಲೆ ಹಾವು. ಕೆಲವು ವಿದ್ವಾಂಸರು ಅದನ್ನು ಬೇರೆಯೇ ಕುಟುಂಬಕ್ಕೆ ಸೇರಿಸುತ್ತಾರಾದರೂ ಸಾಕಣೆಯ ಕಾಯಿಲೆಗಳ ವಿಷಯದಲ್ಲಿ ಎರಡರ ಪಾಡೂ ಹೆಚ್ಚುಕಡಿಮೆ ಒಂದೇ. ಗೂಡಿನಲ್ಲಿಟ್ಟ ಬೋವಾಕ್ಕೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಗೂಡಿನಿಂದಲೇ ಹುಟ್ಟುವಂಥವು. ಹೀಗಾಗಿ ಚಿಕಿತ್ಸೆ ಶುರುವಾಗಬೇಕಾದದ್ದು ಸಿರಿಂಜಿನಿಂದಲ್ಲ, ಗೂಡಿನೊಳಗಿನ ಥರ್ಮಾಮೀಟರಿನಿಂದ.

ಹಾವು ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ನೆಲದಿಂದ, ಬಿಸಿಲಿನಿಂದ ಪಡೆಯಬೇಕು. ಆ ಕಾವು ಸಿಗದಿದ್ದರೆ ಜೀರ್ಣಶಕ್ತಿ, ರಕ್ತಸಂಚಾರ, ರೋಗದೊಡನೆ ಸೆಣಸುವ ಶಕ್ತಿ ಎಲ್ಲವೂ ಒಟ್ಟಿಗೆ ಮಂದವಾಗುತ್ತವೆ. ನುಂಗಿದ ಇಲಿ ಕರಗುವ ಬದಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಕೆಲವು ದಿನಗಳ ಮೇಲೆ ಗಬ್ಬುನಾರುತ್ತ ಹೊರಬರುತ್ತದೆ. ಸಾಕುವವರು ಇದನ್ನು ಹೊಟ್ಟೆಯ ರೋಗವೆಂದುಕೊಂಡು ಮರುದಿನವೇ ಇನ್ನೊಂದು ಇಲಿ ಕೊಡುವುದುಂಟು; ಅದೂ ವಾಂತಿಯಾಗುತ್ತದೆ. ಉಸಿರಾಟದ ಸೋಂಕಿನ ಕಥೆ ಇನ್ನೂ ಸೂಕ್ಷ್ಮ. ಬಹುತೇಕ ಹಾವುಗಳಿಗೆ ಕೆಲಸಕ್ಕೆ ಬರುವ ಶ್ವಾಸಕೋಶ ಒಂದೇ ಆದರೆ ಬೋವಾಕ್ಕೆ ಎರಡಿವೆ, ಎಡಗಡೆಯದು ಚಿಕ್ಕದು. ವಪೆ ಇಲ್ಲದ್ದರಿಂದ ಕೆಮ್ಮಿ ಕಫ ಉಗುಳುವ ಉಪಾಯ ಅದಕ್ಕಿಲ್ಲ. ಲೋಳೆ ಒಳಗೇ ನಿಂತು ಬಲಿಯುತ್ತದೆ. ಮೊದಲು ಮೂಗಿನ ಹೊಳ್ಳೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಯೊಂದು ಉಬ್ಬಿ ಒಡೆಯುತ್ತದೆ; ಆಮೇಲೆ ಉಸಿರಿನಲ್ಲಿ ಸಣ್ಣ ಸಿಳ್ಳೆ; ಕೊನೆಗೆ ಹಾವು ಗೂಡಿನ ಮೂಲೆಗೆ ಕತ್ತು ನಿಗುರಿಸಿ, ಬಾಯಿ ಅರೆತೆರೆದು ಗಂಟೆಗಟ್ಟಲೆ ಹಾಗೇ ಇರುತ್ತದೆ. ನೋಡುವವರಿಗೆ ಗತ್ತಿನಿಂದ ತಲೆಯೆತ್ತಿದಂತೆ ಕಂಡರೂ ಅದು ಉಸಿರಿಗಾಗಿ ಪಡುವ ಪಾಡು.

ಕಾವು ಕೊಟ್ಟರೆ ಗುಣವಾಗುತ್ತದೆಂಬುದು ಬರೀ ನಂಬಿಕೆಯಲ್ಲ. 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರಳುಗಾಡಿನ ಇಗ್ವಾನಾ ಎಂಬ ಹಲ್ಲಿಗಳಿಗೆ ಏರೋಮೊನಾಸ್ ಬ್ಯಾಕ್ಟೀರಿಯಾ ಚುಚ್ಚಿ, 34ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ಕಾವಿನಲ್ಲಿಟ್ಟು ನೋಡಿದರು. ಕಾವು ಏರಿದಂತೆ ಬದುಕುಳಿದವುಗಳ ಸಂಖ್ಯೆಯೂ ಏರಿತು. ಜ್ವರ ತಗ್ಗಿಸುವ ಔಷಧ ಕೊಟ್ಟು ನೋಡಿದಾಗ, ಮೈಕಾವು ಏರಿಸಿಕೊಳ್ಳಲಾಗದವು ಸತ್ತವು. ಬಿಸಿ ಜಾಗ ಹುಡುಕಿಕೊಂಡು ಹೋಗುವುದೇ ಸರೀಸೃಪದ ಜ್ವರ ಎಂಬುದು ಈ ಪ್ರಯೋಗಗಳಿಂದ ಖಚಿತವಾಯಿತು. ಇದು ಹಲ್ಲಿಯ ಮಾತು, ಹಾವಿಗೆ ಹೇಗೆ ಅನ್ವಯಿಸುತ್ತದೆ ಎಂದು ಯಾರಾದರೂ ಕೇಳಿದರೆ ಆಕ್ಷೇಪ ನ್ಯಾಯವಾದದ್ದೇ. ಮರಳುಗಾಡಿನ ಹಲ್ಲಿ ತಾಳುವ 42 ಡಿಗ್ರಿ ಬೋವಾವನ್ನು ಕೊಂದೇಬಿಡುತ್ತದೆ. ಪ್ರಯೋಗದಿಂದ ತೆಗೆದುಕೊಳ್ಳಬೇಕಾದದ್ದು ಅಂಕಿಯನ್ನಲ್ಲ, ತತ್ವವನ್ನು: ಕಾಯಿಲೆ ಬಿದ್ದ ಪ್ರಾಣಿಗೆ ಅದರ ಜಾತಿಗೆ ಒಗ್ಗುವ ಮಿತಿಯ ಮೇಲ್ತುದಿಯ ಕಾವು ಕೈಗೆಟುಕುವಂತಿರಬೇಕು. ಹಾವಿನ ಮೇಲೆಯೇ ನಡೆದ ಇನ್ನೊಂದು ಅಧ್ಯಯನ 1985ರದು. ಗೋಫರ್ ಹಾವುಗಳಿಗೆ ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟು 25 ಮತ್ತು 37 ಡಿಗ್ರಿಗಳಲ್ಲಿ ಹೋಲಿಸಿದಾಗ, ಬಿಸಿಯಲ್ಲಿದ್ದ ಹಾವಿನ ಮೈಯೊಳಗೆ ಔಷಧ ಹೆಚ್ಚು ಹರಡಿತು, ಬೇಗ ಹೊರಗೂ ಹೋಯಿತು. ಸೆಫ್ಟಾಜಿಡಿಮ್‌ನಂಥ ಔಷಧವನ್ನು ಹಾವಿಗೆ 72 ಗಂಟೆಗೊಮ್ಮೆ ಕೊಡುವ ರೂಢಿ ಬಂದಿರುವುದೂ ಬೆಚ್ಚಗಿಟ್ಟ ಹಾವಿನ ಲೆಕ್ಕದ ಮೇಲೆ. ತಣ್ಣಗಿನ ಗೂಡಿನಲ್ಲಿ ಅದೇ ಲೆಕ್ಕ ಹಿಡಿದರೆ ಔಷಧ ಮೈಯಲ್ಲೇ ಉಳಿದು, ಅಮಿಕಾಸಿನ್‌ನಂಥದ್ದಾದರೆ ಮೂತ್ರಪಿಂಡಕ್ಕೆ ಪೆಟ್ಟಾಗುವ ಅಪಾಯವಿದೆ.

ನಮ್ಮದೇ ಸೆಕೆಯ ದೇಶ, ಇಲ್ಲಿ ಹಾವಿಗೆ ಹೀಟರೇ ಎಂಬ ನಗೆಮಾತು ಎಲ್ಲರಿಗೂ ಮೊದಲು ಹೊಳೆಯುವ ಆಕ್ಷೇಪ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ನಿಂತು ಇದನ್ನು ಪರೀಕ್ಷಿಸಬಹುದು. ಭದ್ರಾ ಅಣೆಕಟ್ಟೆಯ ಪಕ್ಕದ, ಮಲೆನಾಡಿನ ಅಂಚಿನ ಊರು. ಬೆನ್ನಿಗೆ ಭದ್ರಾ ಹುಲಿ ಮೀಸಲಿನ ಕಾಡು. ಏಪ್ರಿಲ್‌ನಲ್ಲಿ ಆಕ್ಷೇಪ ಸರಿಯೆನಿಸುತ್ತದೆ. ಡಿಸೆಂಬರ್-ಜನವರಿಯ ಬೆಳಗಿನ ಜಾವಕ್ಕೆ ಪಾದರಸ 15ರ ಆಸುಪಾಸಿಗೆ ಇಳಿದಾಗ, ಜುಲೈನ ಜಡಿಮಳೆಯಲ್ಲಿ ಹಗಲೇ 25ರ ಸುತ್ತ ತೂಗಾಡುವಾಗ ಅದು ನಿಲ್ಲುವುದಿಲ್ಲ. ಬೋವಾಕ್ಕೆ ಬೇಕಾದದ್ದು ಗೂಡಿನ ಒಂದು ತುದಿಯಲ್ಲಿ 31ರಿಂದ 33, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ. ರಾತ್ರಿಯೂ ಅದಕ್ಕಿಂತ ಬಹಳ ಇಳಿಯಬಾರದು. ಹಾಗಾದರೆ ಮಣ್ಣುಮುಕ್ಕ ಇದೇ ಜಿಲ್ಲೆಯ ಚಳಿಯಲ್ಲಿ ಹೇಗೆ ಬದುಕುತ್ತದೆ? ಅದು ಕಡೂರು, ಅಜ್ಜಂಪುರದ ಕಡೆಯಂಥ ಒಣಬಯಲಿನ ಹಾವು. ರಾತ್ರಿ ಗಾಳಿ ತಣ್ಣಗಾದರೂ ಒಂದೆರಡು ಅಡಿ ಕೆಳಗಿನ ಮಣ್ಣು ಹಗಲಿನ ಬಿಸಿಯನ್ನು ಹಿಡಿದಿಟ್ಟಿರುತ್ತದೆ. ಹಾವು ಅಲ್ಲಿಗಿಳಿಯುತ್ತದೆ, ಬೇಕಾದಾಗ ಮೇಲೇರುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿಟ್ಟ ಹಾವಿಗೆ ಇಳಿಯಲು ನೆಲವಿಲ್ಲ. ಕಾಡಿನಲ್ಲಿ ತಾಳಿದ ಚಳಿಯನ್ನು ಡಬ್ಬದಲ್ಲಿ ತಾಳದಿರುವುದಕ್ಕೆ ಕಾರಣ ಇಷ್ಟೇ.

ಈ ಕಾರಣಕ್ಕೇ ಗೂಡನ್ನು ಇಡಿಯಾಗಿ ಬಿಸಿ ಮಾಡುವುದು ಪರಿಹಾರವಲ್ಲ. ಬಿಸಿಯ ತುದಿ, ತಂಪಿನ ತುದಿ ಎರಡೂ ಇದ್ದು ಆಯ್ಕೆ ಹಾವಿನದಾಗಬೇಕು. ಹೀಟ್ ಪ್ಯಾಡನ್ನು ಗೂಡಿನ ಮೂರನೇ ಒಂದು ಭಾಗದ ಅಡಿಗೆ ಇಟ್ಟು, ಥರ್ಮೋಸ್ಟಾಟಿಗೆ ಜೋಡಿಸಿ, ಅದರ ತಂತಿಯ ತುದಿಯನ್ನು ಹಾವು ಮಲಗುವ ಜಾಗದಲ್ಲೇ ಅಂಟಿಸಬೇಕು. ಥರ್ಮೋಸ್ಟಾಟ್ ಇಲ್ಲದ ಹೀಟರ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹೊಟ್ಟೆಯಡಿಯ ಬಿಸಿಯಿಂದ ಹಾವು ಸಮಯಕ್ಕೆ ಸರಿಯಾಗಿ ಸರಿದುಕೊಳ್ಳುವುದಿಲ್ಲ. ಹುರುಪೆ ಕಂದಿ ಬೊಬ್ಬೆಯೆದ್ದ ಮೇಲೆಯೇ ನಮಗೆ ಗೊತ್ತಾಗುವುದು. ಹಳ್ಳಿಯಲ್ಲಿ ಸುಲಭಕ್ಕೆ ಹೊಳೆಯುವ ಬಚ್ಚಲೊಲೆಯ ಮೂಲೆ ಬೆಚ್ಚಗೇನೋ ಇರುತ್ತದೆ, ಆದರೆ ಅಲ್ಲಿನ ಹೊಗೆ ಮೊದಲೇ ಸೋತ ಶ್ವಾಸಕೋಶವನ್ನು ಮುಗಿಸುತ್ತದೆ. ಕರೆಂಟು ಹೋದಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಗೂಡಿನ ಹೊರಮೈಗೆ ಒತ್ತರಿಸುವುದು ವಾಸಿ. ತೇವದ ಲೆಕ್ಕ ಮಾತ್ರ ಎರಡು ಹಾವಿಗೆ ಎರಡು ಬಗೆ. ದಕ್ಷಿಣ ಅಮೆರಿಕದ ಬೋವಾಕ್ಕೆ ಗಾಳಿಯ ತೇವ ಶೇ. 60-70 ಇರಬೇಕು, ಇಲ್ಲದಿದ್ದರೆ ಪೊರೆ ಚೂರುಚೂರಾಗಿ ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಸಿಕ್ಕಿಕೊಳ್ಳುತ್ತದೆ. ಮಣ್ಣುಮುಕ್ಕನಿಗೆ ಒಣ ಮರಳುಮಣ್ಣೇ ಬೇಕು. ಒದ್ದೆ ಗೋಣಿಯಲ್ಲಿ ವಾರವಿಟ್ಟರೆ ಹೊಟ್ಟೆಯಡಿಯ ಹುರುಪೆ ಕೊಳೆಯುತ್ತದೆ.

ಎಲ್ಲವೂ ಕಾವಿನಿಂದಲೇ ವಾಸಿಯಾಗುವುದಾದರೆ ವೈದ್ಯರೇಕೆ ಎಂಬುದು ಎದುರು ದಿಕ್ಕಿನಿಂದ ಬರುವ ಪ್ರಶ್ನೆ. ಬಾಯಿ ತೆರೆದು ಉಸಿರಾಡುತ್ತಿರುವ ಹಾವಿಗೆ ಲೋಳೆಯನ್ನು ಪರೀಕ್ಷಿಸಿ ಆರಿಸಿದ ಔಷಧ ಬೇಕೇ ಬೇಕು. ಕಾವು ಅದಕ್ಕೆ ಬದಲಲ್ಲ, ಅದು ನಾಟುವ ನೆಲ. ನೀರು ಬತ್ತಿದ ಹಾವನ್ನು ಬಿಸಿಗಿಟ್ಟರೆ ಇನ್ನಷ್ಟು ಬತ್ತುತ್ತದೆ, ಆದ್ದರಿಂದ ನೀರು ಜತೆಯಲ್ಲೇ ಸಾಗಬೇಕು. ಬೋವಾಗಳನ್ನು ಕಾಡುವ ಇನ್‌ಕ್ಲೂಷನ್ ಬಾಡಿ ರೋಗದ ಮುಂದಂತೂ ಯಾವ ಹೀಟರೂ ನಡೆಯದು. 1970ರ ದಶಕದಿಂದ ಕಾಣಿಸಿಕೊಂಡ ಈ ರೋಗದ ಹಿಂದೆ ಅರೀನಾ ಕುಟುಂಬದ ವೈರಸ್ ಇದೆಯೆಂದು 2012ರಲ್ಲಿ ತಿಳಿಯಿತು. ಮೇಲೆ ಮೇಲೆ ವಾಂತಿ, ತಲೆ ಆಕಾಶಕ್ಕೆ ತಿರುಚಿಕೊಳ್ಳುವುದು, ಮಗುಚಿ ಹಾಕಿದರೆ ಮತ್ತೆ ತಿರುಗಿಕೊಳ್ಳಲಾಗದಿರುವುದು ಇದರ ಗುರುತು, ಮದ್ದಿಲ್ಲ. ಆದರೂ ಆರಂಭದ ವಾಂತಿ ತಣ್ಣನೆಯ ಗೂಡಿನದೋ ವೈರಸ್ಸಿನದೋ ಎಂದು ಬಿಡಿಸಿ ನೋಡುವ ಅಗ್ಗದ ದಾರಿಯೂ ಕಾವೇ: ಗೂಡು ಸರಿಮಾಡಿ, ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಸಣ್ಣ ಇಲಿ ಕೊಟ್ಟಾಗ ದಕ್ಕಿಸಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನು ಕಾನೂನು. ಮಣ್ಣುಮುಕ್ಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಮನೆಯಲ್ಲಿಡುವಂತಿಲ್ಲ, ಮಾರುವಂತಿಲ್ಲ. ಹೊರದೇಶದ ಬೋವಾಗಳನ್ನು ಸಾಕುವವರು 2024ರ ನಿಯಮಗಳಂತೆ ನೋಂದಾಯಿಸಬೇಕು. ಅಂದಮೇಲೆ ಸಾಕಣೆಯ ಮಾತೇಕೆ? ವಶಕ್ಕೆ ಸಿಕ್ಕ ಹಾವುಗಳನ್ನು ಯಾರಾದರೂ ನೋಡಿಕೊಳ್ಳಲೇಬೇಕು ಎಂಬುದಕ್ಕಾಗಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಚೀಲದಲ್ಲಿ 10 ಹಳದಿ ಅನಕೊಂಡಗಳನ್ನು ಹಿಡಿದರು. ಅನಕೊಂಡವೂ ಬೋವಾ ಕುಟುಂಬದ್ದೇ. ಎರಡು ತಲೆ ಹಾವು ಮನೆಗೆ ಸಿರಿ ತರುತ್ತದೆಂಬ ಮೌಢ್ಯಕ್ಕೆ, ತೂಕದ ಮೇಲೆ ಬೆಲೆ ಕಟ್ಟುವ ದಂಧೆಗೆ ಸಿಕ್ಕ ಮಣ್ಣುಮುಕ್ಕಗಳು ಬಕೆಟ್ಟಿನಲ್ಲೋ ಗೋಣಿಯಲ್ಲೋ ಸೊರಗಿ ಅರಣ್ಯ ಇಲಾಖೆಯ ಕೈಸೇರುತ್ತವೆ. ಹಾಗೆ ಸಿಕ್ಕದ್ದನ್ನು ಅದೇ ದಿನ ಹತ್ತಿರದ ಕಾಡಿಗೆ ಬಿಡುವುದು ಕರುಣೆಯಂತೆ ಕಂಡರೂ, ಲಕ್ಕವಳ್ಳಿಯ ಮಳೆಗಾಲದ ಒದ್ದೆ ಕಾಡು ಬಯಲುಸೀಮೆಯ ಈ ಹಾವಿಗೆ ಇನ್ನೊಂದು ತಪ್ಪು ಗೂಡು. ಅದನ್ನು ಬೆಚ್ಚಗೆ, ಒಣಗಿದ ಮಣ್ಣಿನಲ್ಲಿ ಇರಿಸಿ, ತಿಂದದ್ದು ದಕ್ಕುವವರೆಗೆ, ಉಸಿರಿನ ಸಿಳ್ಳೆ ನಿಲ್ಲುವವರೆಗೆ ಕಾದು, ಹಿಡಿದ ಊರಿನ ಆಸುಪಾಸಿನ ಹೊಲದ ಬದುವಿನಲ್ಲಿ, ನೆಲ ಇನ್ನೂ ಬಿಸಿಯಿರುವ ಸಂಜೆ ಬಿಡಬೇಕು.