ಚರಕದಿಂದ ಚಕ್ರಕ್ಕೆ: ನಮ್ಮ ಬಾವುಟ ನಡೆದ ಹಾದಿ

1907ರ ಆಗಸ್ಟ್ 22. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದ್ದ ಸಮಾಜವಾದಿಗಳ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಎದ್ದು ನಿಂತು, ಇದು ಭಾರತದ ಧ್ವಜವೆಂದು ಒಂದು ಬಾವುಟವನ್ನು ಬಿಚ್ಚಿ ಹಿಡಿದರು. ಹಸಿರು, ಹಳದಿ, ಕೆಂಪು ಪಟ್ಟಿಗಳ ಆ ಬಾವುಟದಿಂದ ಇಂದಿನ ತ್ರಿವರ್ಣಕ್ಕೆ ಬರಲು ದೇಶಕ್ಕೆ ನಾಲ್ಕು ದಶಕ ಹಿಡಿಯಿತು.

ಆಂಧ್ರದ ಪಿಂಗಳಿ ವೆಂಕಯ್ಯ 1916ರಲ್ಲೇ ಬಾವುಟದ ಹಲವು ಮಾದರಿಗಳನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ್ದರು. 1921ರಲ್ಲಿ ಬೆಜವಾಡದಲ್ಲಿ ಕಾಂಗ್ರೆಸ್ ಸಭೆ ಸೇರಿದಾಗ ಅವರು ಕೆಂಪು–ಹಸಿರಿನ ವಿನ್ಯಾಸವೊಂದನ್ನು ಗಾಂಧೀಜಿಯವರ ಮುಂದಿಟ್ಟರು. ಗಾಂಧೀಜಿ ಬಿಳಿಯ ಪಟ್ಟಿಯನ್ನೂ ಸೇರಿಸಲು ಹೇಳಿದರು. ಜಲಂಧರದ ಲಾಲಾ ಹಂಸರಾಜರು ಸೂಚಿಸಿದ್ದ ಚರಕವೂ ಬಂತು. ಬಣ್ಣಗಳನ್ನು ಧರ್ಮಗಳ ಲೆಕ್ಕದಲ್ಲಿ ಓದುವ ತಕರಾರು ಎದ್ದಾಗ, 1931ರಲ್ಲಿ ಕಾಂಗ್ರೆಸ್ಸು ಕೇಸರಿ, ಬಿಳಿ, ಹಸಿರಿನ ಬಾವುಟವನ್ನು ಒಪ್ಪಿತು. ಈ ಬಣ್ಣಗಳಿಗೆ ಮತಗಳ ನಂಟಿಲ್ಲ ಎಂದೂ ಸ್ಪಷ್ಟಪಡಿಸಿತು.

ಈ ಬಾವುಟಕ್ಕಾಗಿ ಕನ್ನಡಿಗರು ತೆತ್ತ ಬೆಲೆ ಸಣ್ಣದಲ್ಲ.

1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಜೈಲು ಸೇರಿದರು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಹಾರಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಂದು 32 ಮಂದಿ ಹುತಾತ್ಮರಾದರೆಂದು ಆ ಸೀಮೆಯ ಜನ ಸ್ಮರಿಸುತ್ತಾರೆ. ಆಮೇಲೆ ಸರ್ದಾರ್ ಪಟೇಲರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಆದ ಒಪ್ಪಂದದಂತೆ, ಮೈಸೂರು ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನು ಹಾರಿಸಲು ಅವಕಾಶ ಸಿಕ್ಕಿತು.

1947ರ ಜುಲೈ 22ರಂದು ಸಂವಿಧಾನ ಸಭೆ ಇಂದಿನ ವಿನ್ಯಾಸವನ್ನು ಅಂಗೀಕರಿಸಿತು. ಚರಕ ಹೋಗಿ ಚಕ್ರ ಬಂದುದಕ್ಕೆ ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ಸರಳವಾದದ್ದು: ಚರಕದ ಒಂದು ಬದಿಗೆ ಗಾಲಿ, ಇನ್ನೊಂದು ಬದಿಗೆ ಕದಿರು, ಬಾವುಟದ ಹಿಂಬದಿಯಿಂದ ನೋಡಿದರೆ ಎಲ್ಲವೂ ತಿರುವುಮುರುವು. ಅಶೋಕನ ಸಾರನಾಥ ಸ್ತಂಭದ ಚಕ್ರ ಎರಡೂ ಬದಿಯಿಂದ ಒಂದೇ ತರಹ ಕಾಣುತ್ತದೆ. ಅದಕ್ಕೆ 24 ಅರೆಗಳು. ಬಾವುಟದ ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು.

ಈ ಕರಾರುವಾಕ್ಕು ಇಂದಿಗೂ ಉಳಿದಿರುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಅಲ್ಲಿದೆ. ಬಾಗಲಕೋಟೆ ಸೀಮೆಯ ಮಗ್ಗಗಳಲ್ಲಿ ನೇಯ್ದ ಖಾದಿಗೆ ಇಲ್ಲಿ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಅಚ್ಚೊತ್ತಿ, ಹೊಲಿಯುತ್ತಾರೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಎರಡೂ ಬದಿಯ ಚಕ್ರಗಳು ಒಂದರ ಬೆನ್ನಿಗೊಂದು ಸರಿಯಾಗಿ ಕೂರಬೇಕು. ಬಣ್ಣ, ಅಳತೆ, ಹೊಲಿಗೆಯಲ್ಲಿ ತಪ್ಪಿದ್ದರೆ ಬಾವುಟ ಹೊರಗೆ ಹೋಗುವುದಿಲ್ಲ.

2021ರ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಗಳಿಗೂ ಒಪ್ಪಿಗೆ ಸಿಕ್ಕಿದೆ. ಅವು ಅಗ್ಗ, ಹೇರಳ. ಕೈಯಿಂದ ನೂತು ನೇಯುವವರಿಗೆ ಅವುಗಳೊಡನೆ ಪೈಪೋಟಿ ಕಷ್ಟ. ಹೊರನಾಡಿನ ಕನ್ನಡ ಸಂಘಗಳು ಮುಂದಿನ ಆಗಸ್ಟ್ 15ಕ್ಕೆ ಬೆಂಗೇರಿಯ ಖಾದಿ ಬಾವುಟವನ್ನೇ ತರಿಸಿಕೊಳ್ಳಲಿ. ಊರಿಗೆ ಹೋಗಿಬರುವ ಯಾರಾದರೂ ಪೆಟ್ಟಿಗೆಯಲ್ಲಿ ಮಡಿಸಿಟ್ಟು ತರುವಷ್ಟೇ ಭಾರ ಅದರದ್ದು.