ಸಮುದಾಯ ಕಾಲೇಜಿನಿಂದ ಹಾಸ್ ಬಿಸಿನೆಸ್ ಸ್ಕೂಲಿಗೆ ವರ್ಗಾವಣೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಸಮುದಾಯ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ಬರ್ಕ್ಲಿ ವಿಶ್ವವಿದ್ಯಾಲಯದ ಹಾಸ್ ಬಿಸಿನೆಸ್ ಸ್ಕೂಲು ಸೇರುವ ದಾರಿಯೊಂದಿದೆ. ಇಂಥ ವರ್ಗಾವಣೆಗೆ ಗಟ್ಟಿ ಬುನಾದಿ ಹಾಕಿದ್ದು ರಾಜ್ಯದ 1960ರ ಉನ್ನತ ಶಿಕ್ಷಣ ಮಹಾಯೋಜನೆ. ಕಡಿಮೆ ಶುಲ್ಕದ ಕಾಲೇಜಿನಲ್ಲಿ ಓದು ಶುರುಮಾಡಿದವರಿಗೂ ದೊಡ್ಡ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಬೇಕೆಂಬ ಅದರ ಆಶಯ ನಿಜಕ್ಕೂ ಉದಾತ್ತವಾದದ್ದು.

1898ರಲ್ಲಿ ಆರಂಭವಾದ ಹಾಸ್‌ನಲ್ಲಿ ಸೀಟು ಕಡಿಮೆ, ಪೈಪೋಟಿ ಹೆಚ್ಚು.

ಅರ್ಹತೆಗೆ 60 ಸೆಮಿಸ್ಟರ್ ಯೂನಿಟ್ ಬೇಕು. ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಇಂಗ್ಲಿಷ್ ಬರವಣಿಗೆಯ ಕೋರ್ಸುಗಳು ಮೊದಲೇ ಮುಗಿದಿರಬೇಕು. ಯಾವ ಕಾಲೇಜಿನ ಯಾವ ಕೋರ್ಸು ಬರ್ಕ್ಲಿಯಲ್ಲಿ ಯಾವುದಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಎಂಬ ಸಾರ್ವಜನಿಕ ಜಾಲತಾಣ ತಿಳಿಸುತ್ತದೆ. ಮೊದಲ ಸೆಮಿಸ್ಟರಿನಲ್ಲೇ ಅದನ್ನು ನೋಡಿಕೊಳ್ಳದಿದ್ದರೆ ಒಂದು ವರ್ಷವೇ ಕೈತಪ್ಪಬಹುದು. ಇಷ್ಟೆಲ್ಲ ಮಾಡಿದರೂ ಸೀಟು ಖಚಿತವಲ್ಲ: ಬರ್ಕ್ಲಿ ಸೇರಿರುವ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಯ ಡೇವಿಸ್, ಅರ್ವೈನ್ ಸೇರಿದಂತೆ ಆರು ಕ್ಯಾಂಪಸ್‌ಗಳಲ್ಲಿರುವ ಖಾತರಿ ಪ್ರವೇಶದ ಸೌಲಭ್ಯ ಬರ್ಕ್ಲಿಯಲ್ಲಿಲ್ಲ.